ಮಲೆನಾಡಿನ ಸದ್ದಿಗೆ ಸ್ಟೀರಿಯೊ ಮೈಕ್: ಆರಿಸುವುದು, ಕಟ್ಟುವುದು, ಒದ್ದೆಯಾಗದಂತೆ ಕಾಯುವುದು

ಜೂನ್ ತಿಂಗಳ ರಾತ್ರಿ ಗದ್ದೆಯಂಚಿಗೆ ಯಾವ ಮೈಕ್ ಒಯ್ದರೂ ನಡೆಯುತ್ತದೆ. ನೂರಾರು ಕಪ್ಪೆಗಳು ಒಟ್ಟಿಗೆ ವಟಗುಟ್ಟುವಾಗ ಅಗ್ಗದ ಮೈಕಿನ ಹುಳುಕು ಹೊರಗೆ ಬರುವುದೇ ಇಲ್ಲ. ಅದೇ ಮೈಕನ್ನು ಜನವರಿಯ ಬೆಳಗಿನ ಜಾವ ಅಡಿಕೆ ತೋಟದಲ್ಲಿಟ್ಟು, ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಹಿಡಿಯಲು ಹೋಗಿ. ಹನಿಗಿಂತ ಮೊದಲು ಕಿವಿಗೆ ಬೀಳುವುದು ಮೈಕಿನದೇ ಉಸ್ಸೆನ್ನುವ ಹಿಸ್. ಹಾಗಾಗಿ "ಒಳ್ಳೆಯ ಸ್ಟೀರಿಯೊ ಮೈಕ್ ಯಾವುದು" ಎಂದು ಅಂಗಡಿಯಲ್ಲಿ ಕೇಳುವುದಕ್ಕಿಂತ ಮೊದಲು, ನೀವು ಹಿಡಿಯಬೇಕೆಂದಿರುವ ಅತಿ ಮೆಲ್ಲನೆಯ ಸದ್ದು ಯಾವುದು ಎಂದು ತೀರ್ಮಾನಿಸಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

1. ಯಾವ ಸದ್ದು, ಎಷ್ಟು ದೂರದಿಂದ

ಗಾಳಿಯಿಲ್ಲದ, ರಸ್ತೆ ದೂರವಿರುವ ಕಾಡಿನಂಚು ಬೆಳಗಿನ ಜಾವದಲ್ಲಿ 20ರಿಂದ 25 ಡೆಸಿಬೆಲ್‌ಗೆ ಇಳಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಜೀರುಂಡೆಗಳು ಹಿಡಿದ ಮರದ ಕೆಳಗೆ 70 ದಾಟುವುದು ಮಾಮೂಲು. ಕಪ್ಪೆ, ಜೀರುಂಡೆ, ಮಳೆ, ಹೊಳೆ, ಜಾತ್ರೆಯ ಗದ್ದಲ ಇವಷ್ಟೇ ನಿಮ್ಮ ಗುರಿಯಾದರೆ ದುಬಾರಿ ಮೈಕಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಆ ದುಡ್ಡು ಗಾಳಿಗವಸಿಗೆ ಹೋಗಲಿ. ಚಳಿಗಾಲದ ಬೆಳಗು, ದೂರದ ಗೂಬೆ, ಎಲೆ ಉದುರುವ ಸದ್ದು ಬೇಕಾದರೆ ಮಾತು ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಗೆಹರಿಸಿಕೊಳ್ಳೋಣ. ಸ್ಟೀರಿಯೊ ಮೈಕ್ ದುರ್ಬೀನು ಅಲ್ಲ. ಅದು ಹಿಡಿಯುವುದು ಜಾಗವನ್ನು: ಎಡಕ್ಕೆ ಹೊಳೆ, ಬಲಕ್ಕೆ ಬಿದಿರು, ತಲೆಯ ಮೇಲೆ ಹಾದುಹೋಗುವ ಮಂಗಟ್ಟೆಯ ರೆಕ್ಕೆಸದ್ದು. ನಲವತ್ತು ಮೀಟರ್ ಆಚೆಯ ಒಂದೇ ಹಕ್ಕಿಯ ಕೂಗನ್ನು ಬಿಡಿಸಿ ತೆಗೆಯಬೇಕಿದ್ದರೆ ಒಂದೇ ದಿಕ್ಕಿಗೆ ಕಿವಿಗೊಡುವ ಶಾಟ್‌ಗನ್ ಮೈಕ್ ಅಥವಾ ಸದ್ದನ್ನು ಒಂದೆಡೆ ಕೂಡಿಸುವ ಪ್ಯಾರಾಬೋಲಾ ತಟ್ಟೆ ಬೇಕು. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 40 ಮೀಟರಿನಿಂದ 10 ಮೀಟರಿಗೆ ಮೈಕ್ ಸರಿಸಿದರೆ 12 ಡೆಸಿಬೆಲ್ ಪುಕ್ಕಟೆಯಾಗಿ ಸಿಗುತ್ತದೆ. ಅಷ್ಟು ಲಾಭ ಕೊಡುವ ಮೈಕ್ ಬದಲಾವಣೆಗೆ ಲಕ್ಷ ಲಕ್ಷ ಬೇಕಾದೀತು. ಹಕ್ಕಿ ದಿನಾ ಬಂದು ಕೂರುವ ಕೊಂಬೆ ಗೊತ್ತಿದ್ದರೆ, ಹಿಂದಿನ ಸಂಜೆಯೇ ಅದರ ಬುಡದಲ್ಲಿ ಮೈಕ್ ಇಟ್ಟು ಬರುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

2. ವಿವರಪಟ್ಟಿಯಲ್ಲಿ ಓದಬೇಕಾದ ಎರಡೇ ಅಂಕಿ

ಮೈಕಿನ ಡಬ್ಬಿಯ ಮೇಲೆ ಇಪ್ಪತ್ತು ಅಂಕಿಗಳಿರುತ್ತವೆ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಎಂದು ಎಲ್ಲರೂ ಬರೆದಿರುತ್ತಾರೆ, ಅದನ್ನು ಓದಿ ಏನೂ ತಿಳಿಯುವುದಿಲ್ಲ. ಹುಡುಕಬೇಕಾದ್ದು ಎರಡು: ಸೆಲ್ಫ್ ನಾಯ್ಸ್ ಮತ್ತು ಸೆನ್ಸಿಟಿವಿಟಿ.

ಸೆಲ್ಫ್ ನಾಯ್ಸ್ ಎಂದರೆ ಸುತ್ತ ಏನೂ ಸದ್ದಿಲ್ಲದಾಗಲೂ ಮೈಕ್ ತಾನಾಗಿ ಮಾಡುವ ಹಿಸ್, ಎ-ತೂಕದ (ಮನುಷ್ಯರ ಕಿವಿ ಕೇಳುವ ರೀತಿಗೆ ಹೊಂದಿಸಿದ) ಡೆಸಿಬೆಲ್‌ನಲ್ಲಿ. ಕಡಿಮೆಯಿದ್ದಷ್ಟೂ ಒಳ್ಳೆಯದು. ರೋಡ್ ಎನ್‌ಟಿ1ರದ್ದು 4.5, ಸೆನ್‌ಹೈಸರ್ ಎಂಕೆಎಚ್ 8020ರದ್ದು 10, ಎಂಕೆಎಚ್ 8040ರದ್ದು 13. ಆಡಿಯೊ-ಟೆಕ್ನಿಕಾ ಬಿಪಿ4025ರದ್ದು 14. ರೋಡ್ ಎನ್‌ಟಿ4 ಮತ್ತು ಎನ್‌ಟಿ5, ಎರಡರದ್ದೂ 16. ಪ್ರಿಮೊ ಎಂಬ ಜಪಾನಿ ಕಂಪನಿಯ ಇಎಂ272 ಎಂಬ ಬೆರಳುಗುರಿನಷ್ಟು ಎಲೆಕ್ಟ್ರೆಟ್ (ಚಾರ್ಜನ್ನು ತನ್ನೊಳಗೇ ಕಾಯಂ ಹಿಡಿದಿಟ್ಟುಕೊಂಡ) ಕ್ಯಾಪ್ಸೂಲಿನದ್ದು, ಅಂದರೆ ಸದ್ದು ಹಿಡಿಯುವ ಮೈಕಿನ ತಿರುಳಿನದ್ದು, 14. ಕೈಯಲ್ಲಿ ಹಿಡಿಯುವ ಅಗ್ಗದ ರೆಕಾರ್ಡರುಗಳ ತಲೆಯ ಮೇಲಿರುವ ಮೈಕುಗಳದ್ದು ಸಾಮಾನ್ಯವಾಗಿ 20ರ ಮೇಲೆ. ಅನೇಕರು ಈ ಅಂಕಿಯನ್ನು ಬರೆಯುವುದೇ ಇಲ್ಲ. ಬರೆದಿಲ್ಲ ಎಂದರೆ ಹೇಳಿಕೊಳ್ಳುವಂಥದ್ದಲ್ಲ ಎಂದೇ ತಿಳಿಯಿರಿ.

ಸೆನ್ಸಿಟಿವಿಟಿ ಎಂದರೆ ಒಂದು ಪಾಸ್ಕಲ್ ಒತ್ತಡಕ್ಕೆ, ಅಂದರೆ 94 ಡೆಸಿಬೆಲ್ ಸದ್ದಿಗೆ, ಮೈಕ್ ಎಷ್ಟು ಮಿಲಿವೋಲ್ಟ್ ಕೊಡುತ್ತದೆ ಎಂಬುದು. ಇದು ಹೆಚ್ಚಿದ್ದಷ್ಟೂ ರೆಕಾರ್ಡರಿನ ಪ್ರೀಆಂಪ್ (ಮೈಕಿನ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ ಭಾಗ) ಮೇಲೆ ಹೊರೆ ಕಡಿಮೆ. ಈ ಎರಡನೆಯ ಅಂಕಿಯನ್ನು ಮರೆತವರೇ "ಅಷ್ಟು ಕೊಟ್ಟು ಮೈಕ್ ತಂದರೂ ಹಿಸ್ ಹೋಗಲಿಲ್ಲ" ಎನ್ನುವುದು. ಒಂದು ಲೆಕ್ಕ ಮಾಡಿ ನೋಡೋಣ.

10 ಮಿಲಿವೋಲ್ಟ್ ಅಂದರೆ ಮೈನಸ್ 40 ಡಿಬಿವಿ (ಒಂದು ವೋಲ್ಟಿಗೆ ಹೋಲಿಸಿದ ಡೆಸಿಬೆಲ್), 20 ಅಂದರೆ ಮೈನಸ್ 34, 40 ಅಂದರೆ ಮೈನಸ್ 28. ಇಮ್ಮಡಿಗೆ 6ರಂತೆ ಏರುತ್ತದೆ. ರೆಕಾರ್ಡರಿನ ಒಳಬರುವ ಹಿಸ್ಸನ್ನು ಇಐಎನ್ ಎಂದು ಡಿಬಿಯು ಎಂಬ ಇನ್ನೊಂದು ಮಾನದಲ್ಲಿ ಕೊಟ್ಟಿರುತ್ತಾರೆ. ಅದರಿಂದ 2 ಕಳೆದರೆ ಹೆಚ್ಚುಕಡಿಮೆ ಡಿಬಿವಿ. ಈಗ 94ಕ್ಕೆ ಆ ಇಐಎನ್ ಕೂಡಿಸಿ, ಮೈಕಿನ ಸೆನ್ಸಿಟಿವಿಟಿ ಕಳೆಯಿರಿ. ಬಂದದ್ದು ರೆಕಾರ್ಡರಿನ ಹಿಸ್, ಕಿವಿಗೆ ಬೀಳುವ ಡೆಸಿಬೆಲ್‌ನಲ್ಲಿ.

ಎನ್‌ಟಿ5 ಕೊಡುವುದು 12 ಮಿಲಿವೋಲ್ಟ್, ಅಂದರೆ ಮೈನಸ್ 38. ಅದನ್ನು ಮೈನಸ್ 110 ಡಿಬಿಯು ಇಐಎನ್‌ನ ಅಗ್ಗದ ರೆಕಾರ್ಡರಿಗೆ ಸಿಕ್ಕಿಸಿದಿರಿ ಎನ್ನೋಣ. 94 ಕಳೆ 112 ಕೂಡು 38, ಅಂದರೆ 20 ಡೆಸಿಬೆಲ್. ಮೈಕಿನ 16ಕ್ಕೆ ಈ 20 ಸೇರಿದರೆ (ಡೆಸಿಬೆಲ್‌ಗಳನ್ನು ಶಕ್ತಿಯ ಲೆಕ್ಕದಲ್ಲಿ ಕೂಡಿಸಬೇಕು) ಒಟ್ಟು 21.5. ಅದೇ ರೆಕಾರ್ಡರಿಗೆ 40 ಮಿಲಿವೋಲ್ಟ್ ಕೊಡುವ ಇಎಂ272 ಸಿಕ್ಕಿಸಿದರೆ ರೆಕಾರ್ಡರಿನ ಪಾಲು 10ಕ್ಕಿಳಿಯುತ್ತದೆ, ಮೈಕಿನ 14 ಸೇರಿ ಒಟ್ಟು 15.5. ಬೆರಳುಗುರಿನಷ್ಟರ ಕ್ಯಾಪ್ಸೂಲು ಸ್ಟುಡಿಯೋ ಮೈಕಿಗಿಂತ 6 ಡೆಸಿಬೆಲ್ ನಿಶ್ಶಬ್ದ! ರೆಕಾರ್ಡರು ಮೈನಸ್ 127ರ ಝೂಮ್ ಎಫ್3ಯಂಥದ್ದಾಗಿದ್ದರೆ ಈ ತಾಪತ್ರಯವಿಲ್ಲ, ಆಗ ಕೇಳಿಸುವುದು ಮೈಕಿನ ಹಿಸ್ ಮಾತ್ರ. ವೇದಿಕೆಯ ಮೇಲೆ ಹಾಡುವವರು ಹಿಡಿಯುವ ಡೈನಮಿಕ್ ಮೈಕುಗಳು 2 ಮಿಲಿವೋಲ್ಟಿನ ಆಸುಪಾಸಿನವು. ಕಾಡಿಗೆ ಅವು ಬೇಡವೇ ಬೇಡ.

ಕೆಲವು ರೆಕಾರ್ಡರುಗಳಲ್ಲಿರುವ, ಅತಿ ಮೆಲ್ಲನೆಯಿಂದ ಅತಿ ಜೋರಿನವರೆಗೆ ಎಲ್ಲವನ್ನೂ ಹಿಡಿಸುವ 32-ಬಿಟ್ ಫ್ಲೋಟ್ ದಾಖಲೆಯ ಬಗ್ಗೆ ಒಂದು ಮಾತು. ಅದಿದ್ದರೆ ಗೇನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ) ತಪ್ಪಿತೆಂಬ ಭಯವಿಲ್ಲ. ಗುಡುಗು ಬಂದರೂ ಫೈಲು ಒಡೆಯುವುದಿಲ್ಲ. ಆದರೆ ಮೈಕಿನ ಹಿಸ್ ಅದರಿಂದ ಒಂದಿಷ್ಟೂ ಕಡಿಮೆಯಾಗದು. ಗಾಳಿ ಹೊಡೆದು ಮೈಕಿನೊಳಗೇ ಒಡೆದ ಸದ್ದನ್ನೂ ಅದು ಕೂಡಿಸಿ ಕೊಡದು.

3. ಎಡ–ಬಲ ಹುಟ್ಟುವುದು ಹೇಗೆ

ಸ್ಟೀರಿಯೊ ಅನ್ನುವುದು ಎರಡು ಮೈಕುಗಳ ನಡುವಿನ ವ್ಯತ್ಯಾಸ. ಆ ವ್ಯತ್ಯಾಸ ಸದ್ದಿನ ಮಟ್ಟದ್ದಿರಬಹುದು, ತಲುಪುವ ಹೊತ್ತಿನದ್ದಿರಬಹುದು, ಎರಡೂ ಇರಬಹುದು. ಹೆಡ್‌ಫೋನಿನಲ್ಲಿ ಕಣ್ಣುಮುಚ್ಚಿ ಕೂತರೆ ತೋಟದೊಳಗೆ ಇದ್ದಂತೆ ಅನ್ನಿಸುವುದು ಎರಡೂ ಇದ್ದಾಗ.

ಎಕ್ಸ್‌ವೈ: ಎರಡು ಕಾರ್ಡಿಯಾಯ್ಡ್ (ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ) ಕ್ಯಾಪ್ಸೂಲುಗಳು ಒಂದರ ಮೇಲೊಂದು, ನಡುವೆ 90 ಡಿಗ್ರಿ. ಎನ್‌ಟಿ4, ಬಿಪಿ4025, ಝೂಮ್ ಎಚ್1ಎನ್ ತಲೆಯ ಮೈಕು ಎಲ್ಲ ಇದೇ ಜಾತಿ. ಒಂದೇ ಮೈಯಲ್ಲಿ ಎರಡೂ ಇರುವುದರಿಂದ ಒಂದೇ ಗಾಳಿಗವಸು ಸಾಕು, ಹೊತ್ತು ನಡೆಯಲು ಸಲೀಸು, ಮೊನೊ ಮಾಡಿದರೂ (ಎಡಬಲ ಬೆರೆಸಿ ಒಂದೇ ಮಾಡಿದರೂ) ಹಾಳಾಗದು. ಕೊರತೆಯೆಂದರೆ ಹೊತ್ತಿನ ವ್ಯತ್ಯಾಸವಿಲ್ಲದ್ದರಿಂದ ಕಾಡು ನಡುವಿಗೆ ಒತ್ತಿಕೊಂಡಂತೆ ಕೇಳುತ್ತದೆ. ಮೆರವಣಿಗೆ, ಸಂತೆ, ಯಕ್ಷಗಾನದ ಬಯಲಾಟಕ್ಕೆ ಇದು ಚೆನ್ನ. ಬೆಳಗಿನ ಹಕ್ಕಿಮೇಳಕ್ಕೆ ಸಪ್ಪೆ.

ಓಆರ್‌ಟಿಎಫ್: ಫ್ರೆಂಚ್ ರೇಡಿಯೊದವರು ರೂಢಿಗೆ ತಂದ ಅಳತೆ. ಎರಡು ಕಾರ್ಡಿಯಾಯ್ಡ್‌ಗಳು, ಕ್ಯಾಪ್ಸೂಲಿನಿಂದ ಕ್ಯಾಪ್ಸೂಲಿಗೆ 17 ಸೆಂಟಿಮೀಟರ್, ನಡುವೆ 110 ಡಿಗ್ರಿ, ಅಂದರೆ ನೇರ ಮುಂದಿನಿಂದ ಒಂದೊಂದೂ 55 ಡಿಗ್ರಿ ಹೊರಕ್ಕೆ. 17 ಸೆಂಟಿಮೀಟರ್ ದಾಟಲು ಸದ್ದಿಗೆ ಸುಮಾರು ಅರ್ಧ ಮಿಲಿಸೆಕೆಂಡ್ ಬೇಕು, ನಮ್ಮ ಎರಡು ಕಿವಿಗಳ ನಡುವಿನದೂ ಹೆಚ್ಚುಕಡಿಮೆ ಅಷ್ಟೇ. ಕಟ್ಟುವಾಗ ಆಗುವ ತಪ್ಪು ಒಂದೇ: ಮೈಕಿನ ಬಾಲದಿಂದ ಬಾಲಕ್ಕೆ ಅಳೆದುಬಿಡುತ್ತಾರೆ. ಅಳೆಯಬೇಕಾದ್ದು ಮೂತಿಯಿಂದ ಮೂತಿಗೆ. ರಟ್ಟಿನ ಮೇಲೆ 110 ಡಿಗ್ರಿ ಕೋನ ಬರೆದು ಕತ್ತರಿಸಿ ಚೀಲದಲ್ಲಿಟ್ಟುಕೊಂಡರೆ ಕತ್ತಲಲ್ಲಿ ಕೈಗಂದಾಜು ಬೇಕಿಲ್ಲ.

ಎಂಎಸ್: ನಡುವೆ ಮುಂದಕ್ಕೆ ನೋಡುವ ಒಂದು, ಅಡ್ಡಕ್ಕೆ ಎಂಟರಾಕಾರದ, ಅಂದರೆ ಎರಡು ಪಕ್ಕಗಳನ್ನಷ್ಟೇ ಕೇಳುವ ಒಂದು. ಎಡ ಬೇಕಾದರೆ ಎರಡನ್ನೂ ಕೂಡಿಸು, ಬಲ ಬೇಕಾದರೆ ಕಳೆ. ಅಗಲವನ್ನು ಮನೆಗೆ ಬಂದು ಹೊಂದಿಸಿಕೊಳ್ಳಬಹುದು. ಸಿನಿಮಾದವರಿಗೆ ಪ್ರಿಯ. ಎಂಟರಾಕಾರದ ಮೈಕು ಗಾಳಿಗೆ ಬಹಳ ಬೇಗ ಸೋಲುತ್ತದೆ, ಹೊಸಬರಿಗೆ ಬೇಡ.

ಓಮ್ನಿ ಜೋಡಿ: ಸುತ್ತಲಿನದನ್ನೆಲ್ಲ ಸಮವಾಗಿ ಕೇಳುವ ಎರಡು ಮೈಕುಗಳು. ಗಾಳಿಗೂ ಕೈತಾಗುವ ಸದ್ದಿಗೂ ಕಾರ್ಡಿಯಾಯ್ಡ್‌ಗಿಂತ ಗಟ್ಟಿ, ತಗ್ಗಿನ ಸದ್ದನ್ನು ತುಂಬಿಕೊಡುತ್ತವೆ. 40–50 ಸೆಂಟಿಮೀಟರ್ ಅಂತರದಲ್ಲಿ ಒಂದು ಕೋಲಿನ ಎರಡು ತುದಿಗೆ ಕಟ್ಟಿದರೂ ಆಯಿತು. ಆದರೆ ಮಲೆನಾಡಿನವರಿಗೆ ಇದಕ್ಕಿಂತ ಸೊಗಸಾದ ದಾರಿಯೊಂದಿದೆ: ಮರ.

ಎರಡು ಸಣ್ಣ ಓಮ್ನಿಗಳನ್ನು ಮರದ ಕಾಂಡದ ಎಡಬಲಕ್ಕೆ, ಕಿವಿಗಳ ಹಾಗೆ, ತುಸು ಮುಂದಕ್ಕೆ ಕಟ್ಟಿ. ಕಾಂಡ ತಲೆಯ ಕೆಲಸ ಮಾಡುತ್ತದೆ: ಎಡಗಡೆಯ ಹಕ್ಕಿಯ ಚೂಪು ಸದ್ದು ಬಲದ ಮೈಕಿಗೆ ಹೋಗದಂತೆ ತಡೆಯುತ್ತದೆ, ಹೊತ್ತಿನ ವ್ಯತ್ಯಾಸವನ್ನೂ ಕೊಡುತ್ತದೆ. 25ರಿಂದ 35 ಸೆಂಟಿಮೀಟರ್ ದಪ್ಪದ ಕಾಂಡ ಹದ. ಅಡಿಕೆ ಮರ ತೀರಾ ಸಣ್ಣ, ಎಡಬಲ ಬೇರೆಯಾಗದು. ತೆಂಗಿನ ದಪ್ಪ ಸರಿ, ಗಾಳಿಗೆ ಓಲಾಡಿ ಕಿರುಗುಟ್ಟುತ್ತದೆ ಎಂಬುದೊಂದೇ ತಕರಾರು. ಹಲಸು, ಮಾವು ಎರಡೂ ಒಳ್ಳೆಯವು, ಆದರೆ ಹೊತ್ತು ನೋಡಿ: ಹಣ್ಣು ಬಿಟ್ಟ ಮರದಲ್ಲಿ ರಾತ್ರಿಯಿಡೀ ಬಾವಲಿ, ಬೆಳಗಾದರೆ ಮಂಗ. ಕಟ್ಟಲು ವೆಲ್ಕ್ರೊ ಪಟ್ಟಿ ಅಥವಾ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಮೈಕ್ ತೊಗಟೆಗೆ ನೇರ ತಾಗಬಾರದು, ನಡುವೆ ಒಂದು ಬೆರಳು ದಪ್ಪ ಸ್ಪಂಜ್ ಇರಲಿ. ಇಲ್ಲದಿದ್ದರೆ ಸಾಲಾಗಿ ಹತ್ತುವ ಚಗಳಿ ಇರುವೆಯ ನಡಿಗೆಯೂ ದಾಖಲಾಗುತ್ತದೆ.

ಕಾಡಿನ ಜಾಗವನ್ನೇ ಹಿಡಿಯಬೇಕೆನ್ನುವವರಿಗೆ ನಮ್ಮ ಆಯ್ಕೆ ಇದೇ, ಮರಕ್ಕೆ ಕಟ್ಟಿದ ಓಮ್ನಿ ಜೋಡಿ. ಕಡಿಮೆ ಖರ್ಚಿಗೆ ಇದರಷ್ಟು ಕೊಡುವುದು ಮತ್ತೊಂದಿಲ್ಲ.

4. ಗಾಳಿ

ಮೈಕಿನ ಬೆಲೆಯ ಮೂರನೆಯ ಒಂದು ಪಾಲನ್ನು ಗಾಳಿ ತಡೆಯಲು ಮೀಸಲಿಡಿ. ಮೈಕಿನ ಜೊತೆ ಬರುವ ಕಪ್ಪು ಸ್ಪಂಜು ಕೋಣೆಯೊಳಗಿನ ಫ್ಯಾನಿಗೆ ಸರಿ. ಎಲೆ ಅಲ್ಲಾಡುವಷ್ಟು ಗಾಳಿ ಬಂದರೆ ಅದು ಸೋತಿತು.

ಗಾಳಿಯ ಗುಡುಗುಡು ಹುಟ್ಟುವುದು ಮೈಕಿನ ಮುಖದ ಮೇಲೆ ಗಾಳಿ ಸುಳಿಯಾಗಿ ತಿರುಗಿದಾಗ. ಹಾಗಾಗಿ ಬೇಕಿರುವುದು ಗಾಳಿ ನಿಲ್ಲಿಸುವ ಗೋಡೆಯಲ್ಲ, ಮೈಕಿನ ಸುತ್ತ ನಿಶ್ಚಲವಾದ ಗಾಳಿಯ ಒಂದು ಕೋಶ, ಅದರ ಹೊರಗೆ ಗಾಳಿಯ ವೇಗವನ್ನು ಕೂದಲು ಕೂದಲಾಗಿ ಮುರಿಯುವ ತುಪ್ಪಳ. ರೈಕೋಟ್‌ನಂಥ ಕಂಪನಿಗಳ ಜೆಪ್ಪೆಲಿನ್ ಬುಟ್ಟಿಗಳು ಇದನ್ನೇ ಮಾಡುವುದು. ಮೈಕ್ ಮತ್ತು ಬುಟ್ಟಿಯ ಗೋಡೆಯ ನಡುವೆ ಎಲ್ಲ ಕಡೆಯೂ ಕನಿಷ್ಠ 2–3 ಸೆಂಟಿಮೀಟರ್ ಬಿಡುವಿರಬೇಕು. ತುಪ್ಪಳವನ್ನು ನೇರ ಮೈಕಿಗೇ ಬಿಗಿಯಾಗಿ ತೊಡಿಸಿದರೆ ಅರ್ಧ ಕೆಲಸವೂ ಆಗದು.

ಸಣ್ಣ ಓಮ್ನಿಗೆ ಮನೆಯಲ್ಲೇ ಮಾಡಿಕೊಳ್ಳಬಹುದು. ಬೇಕಾದ್ದು: 7–8 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಟೀ ಜರಡಿ ನಾಲ್ಕು (ಮೈಕಿಗೆ ಎರಡರಂತೆ), ಉದ್ದ ಕೂದಲಿನ ಕೃತಕ ತುಪ್ಪಳದ ಬಟ್ಟೆ ಅರ್ಧ ಮೀಟರ್, ಸೂಜಿದಾರ, ಬಿಸಿ ಅಂಟು. ಸ್ಟೀಲ್ ಜರಡಿ ತಾಗಿದರೆ ಠಣ್ ಎನ್ನುತ್ತದೆ, ಪ್ಲಾಸ್ಟಿಕ್ಕೇ ಇರಲಿ.

ಜರಡಿಗಳ ಹಿಡಿಕೆ ಕತ್ತರಿಸಿ, ಎರಡನ್ನು ಬಾಯಿಗೆ ಬಾಯಿ ಸೇರಿಸಿದರೆ ಚೆಂಡು. ಅಂಟುವ ಮೊದಲು ಅಂಚಿನಲ್ಲಿ ಕೇಬಲ್ಲಿಗೆ ಒಂದು ಕಂಡಿ ಕೊರೆಯಿರಿ. ಕ್ಯಾಪ್ಸೂಲು ಚೆಂಡಿನ ನಟ್ಟನಡುವೆ ತೂಗುವಂತೆ ಎರಡು ರಬ್ಬರ್‌ಬ್ಯಾಂಡ್ ಅಡ್ಡ ಕಟ್ಟಿ. ತುಪ್ಪಳವನ್ನು ಹೊಲಿಯುವ ಮೊದಲು ಬಟ್ಟೆಯ ಹಿಂಬದಿಗೆ ಬಾಯಿಟ್ಟು ಊದಿ ನೋಡಿ. ಉಸಿರು ಸಲೀಸಾಗಿ ಹೊರಗೆ ಹೋಗಬೇಕು. ಗೊಂಬೆಗಳಿಗೆ ಬಳಸುವ ಬಟ್ಟೆಯ ಹಿಂಬದಿಗೆ ಎಷ್ಟೋ ಸಲ ಅಂಟು ಬಳಿದಿರುತ್ತಾರೆ. ಅಂಥದ್ದನ್ನು ಹಾಕಿದರೆ ಗಾಳಿ ನಿಲ್ಲುತ್ತದೆ, ಜೊತೆಗೆ ಹಕ್ಕಿಯ ಚೂಪು ಸದ್ದೂ ನಿಲ್ಲುತ್ತದೆ, ಕಂಬಳಿ ಹೊದ್ದು ಕೇಳಿದಂತಾಗುತ್ತದೆ. ಕತ್ತರಿಸುವಾಗ ಹಿಂಬದಿಯಿಂದ ಬ್ಲೇಡಿನಲ್ಲಿ ಬಟ್ಟೆಯನ್ನಷ್ಟೇ ಕೊಯ್ಯಿರಿ. ಕತ್ತರಿ ಹಾಕಿದರೆ ಕೂದಲೂ ತುಂಡಾಗಿ ಹೊಲಿಗೆಯ ಉದ್ದಕ್ಕೂ ಬೋಳು ಗೆರೆ ಉಳಿಯುತ್ತದೆ, ಗಾಳಿ ನುಗ್ಗುವುದು ಅಲ್ಲೇ.

ಇಷ್ಟಾದ ಮೇಲೂ ರೆಕಾರ್ಡರಿನ ಲೋ ಕಟ್ (ತಗ್ಗಿನ ಸದ್ದನ್ನು ಕತ್ತರಿಸುವ) ಸ್ವಿಚ್ಚನ್ನು 80 ಹರ್ಟ್ಸ್‌ಗೆ ಹಾಕಿಕೊಳ್ಳಿ. ಗಾಳಿಯ ಹೊಡೆತ ಇನ್‌ಪುಟ್ಟನ್ನೇ ತುಂಬಿಬಿಟ್ಟರೆ ಮನೆಗೆ ಬಂದು ತೆಗೆಯಲಾಗದು. ಗುಡುಗು, ಮಂಗಟ್ಟೆಯ ರೆಕ್ಕೆ, ಡೊಳ್ಳು ಹಿಡಿಯುವಾಗ ಮಾತ್ರ ಅದನ್ನು ತೆಗೆದಿಡಿ.

ಮೈಕ್ ಎತ್ತರಕ್ಕೆ ಹೋದಷ್ಟೂ ಗಾಳಿ ಹೆಚ್ಚು. ನೆಲದಿಂದ ಒಂದು ಮೀಟರಿನೊಳಗೆ, ಪೊದೆ ಅಥವಾ ಅಗಳಿನ ಮರೆಯಲ್ಲಿ ಇಟ್ಟರೆ ಅರ್ಧ ಗೆದ್ದಂತೆ. ಒಣಗಿದ ಎಲೆ ರಾಶಿಯ ಹತ್ತಿರ ಬೇಡ.

5. ತೇವ, ಮಳೆ, ಇರುವೆ

ಬೇರೆ ದೇಶದ ಮೈಕ್ ವಿಮರ್ಶೆಗಳನ್ನು ಓದಿ ಕೊಳ್ಳುವವರು ಎಡವುವುದು ಇಲ್ಲಿ. ಎನ್‌ಟಿ1ರ 4.5 ಡೆಸಿಬೆಲ್ ನೋಡಿ ಆಸೆಯಾಗುವುದು ಸಹಜ, ಒಣಹವೆಯಲ್ಲಿ ಅದು ನಿಜಕ್ಕೂ ಅದ್ಭುತ. ಆದರೆ ಹೊರಗಿನಿಂದ ವೋಲ್ಟೇಜು ಪಡೆದು ಡಯಾಫ್ರಂ (ಸದ್ದಿಗೆ ಅದುರುವ ತೆಳು ಪೊರೆ) ಮೇಲೆ ಚಾರ್ಜು ಹಿಡಿದಿಡುವ ಕಂಡೆನ್ಸರ್ ಮೈಕುಗಳಿಗೆ ತೇವ ಸೇರಿದರೆ ಆ ಚಾರ್ಜು ಸೋರತೊಡಗುತ್ತದೆ. ಮೊದಲು ಸಣ್ಣಗೆ ಪಟ್ ಪಟ್ ಎನ್ನುತ್ತದೆ, ಆಮೇಲೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯುತ್ತದೆ. ಆಗುಂಬೆ, ಕುದುರೆಮುಖದ ಜುಲೈಗೆ ಇದು ತಕ್ಕುದಲ್ಲ. ಸೆನ್‌ಹೈಸರ್ ಎಂಕೆಎಚ್ ಸಾಲಿನವು ರೇಡಿಯೊ ತರಂಗಾಂತರದ ತತ್ತ್ವದಲ್ಲಿ ಕೆಲಸ ಮಾಡುವುದರಿಂದ ತೇವಕ್ಕೆ ಬಗ್ಗುವುದಿಲ್ಲ. ಲೋಕದ ಮಳೆಕಾಡುಗಳಲ್ಲೆಲ್ಲ ಅವುಗಳಿಗೆ ಮರ್ಯಾದೆ ಸಿಕ್ಕಿರುವುದು ಅದಕ್ಕೇ. ಬೆಲೆಯೂ ಹಾಗೆಯೇ ಇದೆ. ಸಣ್ಣ ಎಲೆಕ್ಟ್ರೆಟ್‌ಗಳು ನಡುವಿನವು: ತೇವ ತಡೆಯುತ್ತವೆ, ಹನಿ ತಡೆಯುವುದಿಲ್ಲ. ಕೆಟ್ಟರೂ ಬದಲಿಸುವುದು ಕೈಗೆಟುಕುತ್ತದೆ.

ಏಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಮೈಕ್ ಹೊರತೆಗೆದರೆ ತಣ್ಣಗಿನ ಲೋಹದ ಮೇಲೆ ಹಬೆ ಕೂರುತ್ತದೆ. ಚೀಲ ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ.

ಮಳೆಯಲ್ಲಿ ತೊಂದರೆ ಎರಡು. ಒಂದು, ತುಪ್ಪಳ ನೆನೆದರೆ ಕೂದಲು ಅಂಟಿಕೊಂಡು ಚೂಪು ಸದ್ದು ಒಳಗೆ ಬರುವುದಿಲ್ಲ. ಎರಡು, ಹನಿ ನೇರ ಬಿದ್ದರೆ ಟಪ್ ಟಪ್. ಪ್ಲಾಸ್ಟಿಕ್ ಹಾಳೆ ಮೇಲೆ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ತಪ್ಪು ಉಪಾಯ: ಹಾಳೆ ತಮಟೆಯಾಗುತ್ತದೆ. ಬದಲಿಗೆ ಹನಿಯನ್ನು ನುಂಗುವ ವಸ್ತು ಬೇಕು. ಒರಟು ಕುರಿ ಉಣ್ಣೆಯ ಕಂಬಳಿಯ ತುಂಡು, ಇಲ್ಲವೇ ದಪ್ಪ ತೆಂಗಿನ ನಾರಿನ ಹಾಸು ಮೈಕಿನಿಂದ 30–40 ಸೆಂಟಿಮೀಟರ್ ಮೇಲೆ, ಒಂದು ಬದಿಗೆ ಇಳಿಜಾರಾಗಿ ಇರಲಿ. ಅಂಚಿನಿಂದ ಸೋರುವ ನೀರು ಬೀಳುವ ಜಾಗದಲ್ಲಿ ಸೊಪ್ಪು ಅಥವಾ ದರಕು ಹಾಸಿ, ಇಲ್ಲದಿದ್ದರೆ ಸದ್ದು ಅಲ್ಲಿಂದ ಶುರುವಾಗುತ್ತದೆ. ಮಳೆಯ ಸದ್ದೇ ಬೇಕಾದವರಿಗೆ ಇಷ್ಟೆಲ್ಲ ಕಷ್ಟವಿಲ್ಲ: ಹೆಂಚಿನ ಮನೆಯ ಜಗಲಿಯಲ್ಲಿ ಗೋಡೆಯಿಂದ ಒಂದು ಮೀಟರ್ ಈಚೆ ನಿಲ್ಲಿಸಿದರೆ ಸೂರಿನ ನೀರು, ಅಂಗಳ, ಆಚೆಯ ತೋಟ ಮೂರೂ ಪದರ ಪದರವಾಗಿ ಸಿಗುತ್ತವೆ.

ಗುಡುಗು ಹತ್ತಿರವಾದರೆ ಉಪಕರಣವನ್ನು ಅಲ್ಲೇ ಬಿಟ್ಟು ಮನೆಯೊಳಗೆ ಹೋಗಿ. ಮರದ ಕೆಳಗೆ ಲೋಹದ ಸ್ಟ್ಯಾಂಡ್ ಹಿಡಿದು ನಿಲ್ಲಬೇಡಿ.

ರಾತ್ರಿಯಿಡೀ ಬಿಟ್ಟುಬರುವುದಾದರೆ ಸ್ಟ್ಯಾಂಡಿನ ಮೂರು ಕಾಲಿಗೂ ನೆಲ ಮುಟ್ಟುವ ಕೇಬಲ್ಲಿಗೂ ನಾಲ್ಕು ಬೆರಳಗಲ ಗ್ರೀಸು ಬಳಿಯಿರಿ, ಇರುವೆ ಹತ್ತದು. ಮಂಗನಿಗೆ ಮದ್ದಿಲ್ಲ. ತುಪ್ಪಳದ ಚೆಂಡು ಅವಕ್ಕೆ ಬಲು ಇಷ್ಟ, ಬೆಳಕು ಹರಿದು ಗಂಟೆಯೊಳಗೆ ತೆಗೆಯುವುದು ಕ್ಷೇಮ.

6. ಜೋಡಣೆ ಮತ್ತು ವಿದ್ಯುತ್ತು

ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದೊಡ್ಡ ಪ್ಲಗ್) ಮೈಕುಗಳಿಗೆ 48 ವೋಲ್ಟ್ ಫ್ಯಾಂಟಮ್, ಅಂದರೆ ಅದೇ ಕೇಬಲ್ಲಿನಲ್ಲಿ ರೆಕಾರ್ಡರು ಕಳಿಸುವ ವಿದ್ಯುತ್ತು ಬೇಕು. ಎನ್‌ಟಿ4 ಮಾತ್ರ 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ಸಣ್ಣ ಎಲೆಕ್ಟ್ರೆಟ್‌ಗಳಿಗೆ 3.5 ಮಿಲಿಮೀಟರ್ ತೂತಿನಲ್ಲಿ ಬರುವ ಕೆಲವೇ ವೋಲ್ಟಿನ ಪ್ಲಗ್-ಇನ್ ಪವರ್ ಸಾಕು, ಮೆನುವಿನಲ್ಲಿ ಅದನ್ನು ಆನ್ ಮಾಡಿರಬೇಕು, ಅಷ್ಟೇ.

ಝೂಮ್ ಎಫ್3ಗೆ 3.5 ಮಿಲಿಮೀಟರಿನ ಮೈಕ್ ತೂತಿಲ್ಲ. ಎಲೆಕ್ಟ್ರೆಟ್ ಜೋಡಿಯನ್ನು ಅದಕ್ಕೆ ಹಾಕಲು 48 ವೋಲ್ಟನ್ನು ಇಳಿಸಿಕೊಡುವ, ರೋಡ್ ವಿಎಕ್ಸ್‌ಎಲ್‌ಆರ್ ಪ್ಲಸ್‌ನಂಥ ಅಡಾಪ್ಟರ್ ಎರಡು ಬೇಕು, ಮೈಕಿಗೊಂದು. ಎರಡೂ ಮೈಕುಗಳು ಒಂದೇ ಸ್ಟೀರಿಯೊ ಪಿನ್ನಿಗೆ ಸೇರಿದ್ದರೆ ಒಂದೇ ಅಡಾಪ್ಟರಿಗೆ ಚುಚ್ಚುವ ಆಸೆ ಬರುತ್ತದೆ. ಬೇಡ, ಅದು ಮೊನೊ ಮೈಕಿಗಾಗಿ ಮಾಡಿದ್ದು, ಸ್ಟೀರಿಯೊ ಅಲ್ಲಿಗೇ ಮುಗಿಯುತ್ತದೆ. ಕೊಳ್ಳುವಾಗಲೇ ಎರಡು ಬಿಡಿ ಪಿನ್ನಿನ ಜೋಡಿ ಕೇಳಿ.

ಕ್ಯಾಪ್ಸೂಲು ತಂದು ನೀವೇ ಬೆಸುಗೆ ಹಾಕುವುದಾದರೆ ತೆಳು ಶೀಲ್ಡ್ ಕೇಬಲ್ಲು, ಶ್ರಿಂಕ್ ಟ್ಯೂಬು, ಲೋಹದ ಮೈಯ ಸ್ಟೀರಿಯೊ ಪಿನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಪಿನ್ನಿನ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡರ ಶೀಲ್ಡಿಗೆ. ಕ್ಯಾಪ್ಸೂಲಿನ ಹಿಂದಿನ ಎರಡು ಬಿಂದುಗಳಲ್ಲಿ ಹೊರಗಿನ ತಗಡಿಗೆ ತಾಗಿರುವುದು ಶೀಲ್ಡಿನದು. ಕಾದ ಕಬ್ಬಿಣ ಎರಡು ಸೆಕೆಂಡಿಗಿಂತ ಹೆಚ್ಚು ತಾಗಬಾರದು, ಒಳಗಿನ ಎಲೆಕ್ಟ್ರೆಟ್ ಪದರ ಬಿಸಿಗೆ ಸೆನ್ಸಿಟಿವಿಟಿ ಕಳೆದುಕೊಳ್ಳುತ್ತದೆ. ಮೊದಲು ತಂತಿಗೆ ಸೀಸ ಹಿಡಿಸಿಕೊಂಡು, ಆಮೇಲೆ ಮುಟ್ಟಿಸಿ ತೆಗೆಯಿರಿ.

48 ಕಿಲೋಹರ್ಟ್ಸ್, 24 ಬಿಟ್ ಸಾಕು: ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು. ಪವರ್‌ಬ್ಯಾಂಕಿನಲ್ಲಿ ನಡೆಸಿದಾಗ ಸಣ್ಣ ಕುಯ್ ಸದ್ದು ಬಂದರೆ ತಪ್ಪು ಮೈಕಿನದಲ್ಲ, ಬ್ಯಾಂಕನ್ನು ಬದಲಿಸಿ ನೋಡಿ.

7. ಹಾಗಾದರೆ ಯಾವುದು

ಕೈಲಿ ಹಿಡಿಯುವ ರೆಕಾರ್ಡರು ಈಗಾಗಲೇ ಇದ್ದು ಅದರಲ್ಲಿ ಪ್ಲಗ್-ಇನ್ ಪವರ್ ಇದ್ದರೆ: ಇಎಂ272 ಜೋಡಿ, ಎರಡು ತುಪ್ಪಳದ ಚೆಂಡು, 3 ಮೀಟರ್ ಕೇಬಲ್. ಬ್ರಿಟನ್ನಿನಿಂದ ಬರುವ ಕ್ಲಿಪ್ಪಿ ಮೈಕುಗಳಲ್ಲಿ ಇರುವುದೂ ಇದೇ ಕ್ಯಾಪ್ಸೂಲು. ತರಿಸಿದರೆ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಡೆಯುತ್ತಾ, ಜನರ ನಡುವೆ, ಬೇಗ ತೆಗೆದು ಬೇಗ ಮುಚ್ಚಬೇಕಾದವರಿಗೆ: ಬಿಪಿ4025 ಮತ್ತು ಬುಟ್ಟಿ. ಬಯಲುಸೀಮೆಯ ಒಣಹವೆಯಲ್ಲಿ, ಸ್ಟ್ಯಾಂಡಿನ ಮೇಲೆ, ಅತಿ ಮೆಲ್ಲನೆಯ ಸದ್ದಿಗೆ: ಎನ್‌ಟಿ1 ಜೋಡಿ ಓಆರ್‌ಟಿಎಫ್‌ನಲ್ಲಿ, ಗಾಳಿಗವಸು ದೊಡ್ಡದೇ ಬೇಕಾಗುತ್ತದೆ. ವರ್ಷವಿಡೀ ಮಳೆಕಾಡಿನಲ್ಲೇ ಕೆಲಸವಿರುವವರಿಗೆ, ದುಡ್ಡಿನ ಅನುಕೂಲವಿದ್ದರೆ: ಎಂಕೆಎಚ್ 8020 ಅಥವಾ 8040 ಜೋಡಿ. ಬೆಂಗಳೂರಿನಲ್ಲಿ ಸಿನಿಮಾದವರಿಗೆ ಸೌಂಡ್ ಉಪಕರಣ ಬಾಡಿಗೆಗೆ ಕೊಡುವವರಿದ್ದಾರೆ. ಎರಡು ದಿನ ಬಾಡಿಗೆಗೆ ತಂದು ನೋಡಿ ಆಮೇಲೆ ಕೊಳ್ಳಿ.

8. ಒಯ್ಯುವ ಮುನ್ನ, ಇಟ್ಟ ಮೇಲೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ಯಾನು, ಫ್ರಿಜ್ಜು ಆರಿಸಿ, ಎರಡೂ ಮೈಕನ್ನು ಬಟ್ಟೆ ತುಂಬಿದ ಬೀರುವಿನೊಳಗೆ ರಜಾಯಿ ಸುತ್ತಿಟ್ಟು ಎರಡು ನಿಮಿಷ ದಾಖಲಿಸಿ. ಒಂದು ಬದಿಯ ಹಿಸ್ ಮತ್ತೊಂದಕ್ಕಿಂತ ಗೊತ್ತಾಗುವಷ್ಟು ಹೆಚ್ಚಿದ್ದರೆ ಜೋಡಿ ಸರಿಯಿಲ್ಲ, ಅಂಗಡಿಗೆ ವಾಪಸ್. ಆಮೇಲೆ ಎರಡನ್ನೂ ಪಕ್ಕಪಕ್ಕ ಹಿಡಿದು ಮಾತಾಡಿ, ಸಾಫ್ಟ್‌ವೇರಿನಲ್ಲಿ ಮೊನೊ ಮಾಡಿ. ದನಿ ಗಟ್ಟಿಯಾಗಬೇಕು. ತೆಳುವಾಗಿ ಮಾಯವಾದರೆ ಒಂದರ ತಂತಿ ಅದಲುಬದಲಾಗಿದೆ.

ಜಾಗಕ್ಕೆ ಹಿಂದಿನ ದಿನವೇ ಹೋಗಿ ಕಿವಿಗೊಡಿ. ಬೆಳಗಿನ ಜಾವ ನೆಲದ ಹತ್ತಿರ ತಂಪು, ಮೇಲೆ ಬಿಸಿ ಗಾಳಿ ಇರುವಾಗ ಸದ್ದು ಕೆಳಕ್ಕೆ ಬಾಗುತ್ತದೆ, ಮಧ್ಯಾಹ್ನ ಕೇಳಿಸದಿದ್ದ ಹೆದ್ದಾರಿಯ ಲಾರಿ, ಪಂಪ್‌ಸೆಟ್ಟು ಎರಡು ಗುಡ್ಡದಾಚೆಯಿಂದ ಬಂದು ಕೂರುತ್ತವೆ. ಹೆದ್ದಾರಿಗೂ ನಿಮಗೂ ನಡುವೆ ಒಂದು ದಿಬ್ಬ ಬರುವಂತೆ ಜಾಗ ಹುಡುಕಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ, ಆನೆ ತಿರುಗುವ ಕಡೆ ರಾತ್ರಿ ಮೈಕಿನ ಬಳಿ ಕೂರುವುದೂ ಬೇಡ. ಹಕ್ಕಿ ಕರೆಯಲೆಂದು ಅದರದೇ ಕೂಗನ್ನು ಮೊಬೈಲಿನಲ್ಲಿ ಹಾಕಬೇಡಿ. ಎದುರಾಳಿ ಬಂದಿದ್ದಾನೆಂದು ಹಕ್ಕಿ ಗೂಡು ಬಿಟ್ಟು ಹುಡುಕಾಡುತ್ತದೆ.

ಇಟ್ಟ ಮೇಲೆ: ಮೊಬೈಲು ಏರೋಪ್ಲೇನ್ ಮೋಡಿನಲ್ಲಿ. ಎಡದ ಮೈಕಿನ ಹತ್ತಿರ "ಎಡ" ಎಂದು, ಬಲದ ಹತ್ತಿರ "ಬಲ" ಎಂದು ಹೇಳಿ, ದಿನ, ಹೊತ್ತು, ಊರು ಸೇರಿಸಿ. ಕತ್ತಲಲ್ಲಿ ಎಕ್ಸ್‌ಎಲ್‌ಆರ್ ಅದಲುಬದಲಾದದ್ದು ಗೊತ್ತಾಗುವುದು ಈ ಎರಡು ಪದಗಳಿಂದಲೇ. ಅತಿ ಜೋರಿನ ಸದ್ದು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಡಿ. ಮೀಟರು ಹೆಚ್ಚಿನ ಹೊತ್ತು ಮೈನಸ್ 40ರ ಆಸುಪಾಸಿನಲ್ಲಿ ಮಲಗಿದ್ದರೆ ಗಾಬರಿ ಬೇಡ, ಕಾಡು ಇರುವುದೇ ಹಾಗೆ. ನೀವು ಮೈಕಿನ ಪಕ್ಕ ನಿಂತರೆ ಪ್ಯಾಂಟಿನ ಸರಸರ, ಹೊಟ್ಟೆಯ ಗುಡುಗುಡು, ಇಂಬಳ ಕೊಡವುವ ಸದ್ದು ಎಲ್ಲ ಬರುತ್ತದೆ. ರೆಕಾರ್ಡ್ ಒತ್ತಿ ಮೂವತ್ತು ಹೆಜ್ಜೆ ದೂರ ಹೋಗಿ. ಹಕ್ಕಿಗಳು ನಿಮ್ಮನ್ನು ಮರೆಯಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಬೇಕಾದ ದಾಖಲೆ ಶುರುವಾಗುವುದು ಅಲ್ಲಿಂದ.

ಮನೆಗೆ ಬಂದ ಮೇಲೆ ತುಪ್ಪಳವನ್ನು ನೆರಳಲ್ಲಿ ಒಣಗಿಸಿ ಬಾಚಣಿಗೆಯಲ್ಲಿ ಬಾಚಿ. ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆಗಿಡಿ. ಬಣ್ಣ ತಿರುಗಿದರೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನಂತಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಒದ್ದೆಯಾದ ಮೈಕನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಲು ಹೇಳುವವರ ಮಾತು ಕೇಳಬೇಡಿ, ಅಕ್ಕಿಯ ನುಣ್ಣನೆ ಹುಡಿ ಜಾಲರಿ ದಾಟಿ ಡಯಾಫ್ರಂ ಮೇಲೆ ಕೂತರೆ ಅದನ್ನು ತೆಗೆಯುವ ದಾರಿಯಿಲ್ಲ.